ಫ್ರಿಡ್ಜ್ ತಂಪು ಮಾಡುವುದಿಲ್ಲ



ಉಷ್ಣದ ಪಾಠ ಬಂದಾಗಲೆಲ್ಲ ನಾನು ತರಗತಿಯಲ್ಲಿ ಒಂದು ಪ್ರಶ್ನೆ ಕೇಳುವುದುಂಟು: "ಫ್ರಿಡ್ಜ್ ಏನು ಮಾಡ್ತದೆ?" ಇಡೀ ತರಗತಿ ಒಂದೇ ಸ್ವರದಲ್ಲಿ ಹೇಳುತ್ತದೆ: "ತಂಪು ಮಾಡ್ತದೆ ಟೀಚರ್!" ಆಗ ಎರಡನೆಯ ಪ್ರಶ್ನೆ: "ಹಾಗಾದ್ರೆ ಸೆಕೆಗೆ ಫ್ರಿಡ್ಜಿನ ಬಾಗಿಲು ತೆರೆದಿಟ್ಟು ಎದುರು ಕೂತ್ರೆ ಅಡುಗೆಮನೆ ತಂಪಾದೀತಾ?" ಈಗ ಗದ್ದಲ ಶುರು. ಹೆಚ್ಚಿನವರು ಹೌದು ಎನ್ನುತ್ತಾರೆ. ಒಬ್ಬಿಬ್ಬರು ಮೆಲ್ಲಗೆ "ಕರೆಂಟ್ ಬಿಲ್ ಜಾಸ್ತಿ ಬರ್ತದೆ" ಎನ್ನುತ್ತಾರೆ.

ಸರಿಯುತ್ತರ ಏನೆಂದರೆ, ಅಡುಗೆಮನೆ ಇನ್ನಷ್ಟು ಬಿಸಿಯಾಗುತ್ತದೆ. ಎದುರು ಕೂತವರ ಮೊಣಕಾಲಿಗೆ ಸ್ವಲ್ಪ ಹೊತ್ತು ತಣ್ಣನೆಯ ಗಾಳಿ ತಾಗೀತು, ಅಷ್ಟೆ. ಮುಂದಿನಿಂದ ತೆಗೆದ ಬಿಸಿಯನ್ನು ಫ್ರಿಡ್ಜ್ ಹಿಂದಿನಿಂದ ಅದೇ ಕೋಣೆಗೆ ಬಿಡುತ್ತದೆ. ಅದಕ್ಕಾಗಿ ಬಳಸಿದ ವಿದ್ಯುತ್ತು ಕೂಡ ಕೊನೆಗೆ ಬಿಸಿಯಾಗಿಯೇ ಕೋಣೆಗೆ ಸೇರುತ್ತದೆ.

ಫ್ರಿಡ್ಜಿನ ಬಗ್ಗೆ ನಮ್ಮ ಮನೆಗಳಲ್ಲಿ ಹತ್ತಾರು ತಪ್ಪು ನಂಬಿಕೆಗಳಿವೆ. ಹೆಚ್ಚಿನವಕ್ಕೆಲ್ಲ ಬೇರು ಒಂದೇ ಎಂಬುದು ನನ್ನ ಅಭಿಪ್ರಾಯ. 'ತಂಪು' ಎಂಬ ಒಂದು ವಸ್ತು ಇದೆ, ಯಂತ್ರ ಅದನ್ನು ತಯಾರಿಸಿ ಒಳಗೆ ತುಂಬುತ್ತದೆ ಎಂದು ನಾವು ಅಂದುಕೊಂಡಿದ್ದೇವೆ. ಈ ಒಂದು ತಪ್ಪನ್ನು ಸರಿಮಾಡಿಕೊಂಡರೆ ಉಳಿದವನ್ನು ನೀವೇ ಪರೀಕ್ಷಿಸಿ ನೋಡಬಹುದು.

ಇದನ್ನು ನಿಮಗೇ ಯಾಕೆ ಹೇಳುವುದು ಅಂದರೆ, ಗಡಿಯ ಈಚೆಗಿನ ಕನ್ನಡ ಮನೆಗಳಲ್ಲಿ ಹೊಸ ಯಂತ್ರದ ಜೊತೆ ಬರುವ ಪುಸ್ತಕ ಕನ್ನಡದಲ್ಲಿ ಇರುವುದು ಕಡಿಮೆ. ಇಂಗ್ಲಿಷ್, ಹಿಂದಿ, ಹೆಚ್ಚೆಂದರೆ ಆ ರಾಜ್ಯದ ಭಾಷೆ. ಹಾಗಾಗಿ ಅದು ಕಪಾಟಿನ ಮೇಲೆ ಹೋಗಿ ಕೂರುತ್ತದೆ. ನೆರೆಮನೆಯವರು ಹೇಳಿದ್ದೇ ಶಾಸ್ತ್ರವಾಗುತ್ತದೆ. ಆ ಪುಸ್ತಕವನ್ನು ಓದಿ ಅಮ್ಮನಿಗೆ, ಅಜ್ಜಿಗೆ ಕನ್ನಡದಲ್ಲಿ ಹೇಳಬಲ್ಲವರು ಮನೆಯಲ್ಲಿ ನೀವೇ ಅಲ್ವಾ? ಕನ್ನಡದಲ್ಲಿ ಕಲಿತ ವಿಜ್ಞಾನ ಅಡುಗೆಮನೆಯವರೆಗೆ ಹೋಗದಿದ್ದರೆ ಅದು ಪರೀಕ್ಷೆಯ ಹಾಳೆಯಲ್ಲೇ ಮುಗಿದು ಹೋಗುತ್ತದೆ.

ಹೋಗುವುದು ಬಿಸಿ

ಅಂಗೈಗೆ ಸ್ವಲ್ಪ ಸ್ಯಾನಿಟೈಸರ್ ಹಾಕಿ ಊದಿ ನೋಡಿ. ಕೈ ತಣ್ಣಗಾಗುತ್ತದೆ. ಸ್ಯಾನಿಟೈಸರ್ ತಣ್ಣಗಿತ್ತೆಂದು ಅಲ್ಲ. ಅದರಲ್ಲಿರುವ ಆಲ್ಕೋಹಾಲ್ ಆವಿಯಾಗಲು ಬಿಸಿ ಬೇಕು, ಆ ಬಿಸಿಯನ್ನು ಅದು ನಿಮ್ಮ ಚರ್ಮದಿಂದ ಎಳೆದುಕೊಂಡಿತು. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಹೀಗೆಯೇ.

ಫ್ರಿಡ್ಜ್ ಇದೇ ಕೆಲಸವನ್ನು ಮುಚ್ಚಿದ ಕೊಳವೆಯೊಳಗೆ ಮತ್ತೆ ಮತ್ತೆ ಮಾಡುತ್ತದೆ. ಈಗಿನ ಹೆಚ್ಚಿನ ಮನೆಯ ಫ್ರಿಡ್ಜುಗಳಲ್ಲಿ ಐಸೊಬ್ಯೂಟೇನ್ ಎಂಬ ಅನಿಲ ಇರುತ್ತದೆ. ಸಾಮಾನ್ಯ ಒತ್ತಡದಲ್ಲಿ ಅದು ಸುಮಾರು −12 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಒತ್ತಡ ಕಡಿಮೆ ಮಾಡಿದರೆ ಇನ್ನೂ ಕಡಿಮೆ ತಾಪಕ್ಕೆ ಕುದಿಯುತ್ತದೆ. ಒತ್ತಡ ಹೆಚ್ಚಿಸಿದರೆ ನಮ್ಮ ಅಡುಗೆಮನೆಯ ಸೆಕೆಯಲ್ಲೂ ದ್ರವವಾಗುತ್ತದೆ. ಒಳಗಿನ ಕೊಳವೆಯಲ್ಲಿ ಒತ್ತಡ ಕಡಿಮೆ. ಅಲ್ಲಿ ದ್ರವ ಕುದಿದು ಆವಿಯಾಗುತ್ತಾ ನಿಮ್ಮ ಹಾಲು, ತರಕಾರಿಗಳ ಬಿಸಿಯನ್ನು ಹೀರಿಕೊಳ್ಳುತ್ತದೆ. ಕೆಳಗೆ ಹಿಂಭಾಗದಲ್ಲಿರುವ ಕಂಪ್ರೆಸರ್ ಆ ಆವಿಯನ್ನು ಒತ್ತಿ ಹೊರಗಿನ ಕೊಳವೆಗೆ ತಳ್ಳುತ್ತದೆ. ಅಲ್ಲಿ ಅದು ಬಿಸಿ ಬಿಟ್ಟುಕೊಟ್ಟು ಪುನಃ ದ್ರವವಾಗುತ್ತದೆ. ನಂತರ ಕೂದಲೆಳೆಯಂಥ ಸಣ್ಣ ರಂಧ್ರದ ನಳಿಗೆಯ ಮೂಲಕ ಒಳಕ್ಕೆ ವಾಪಸು.

ಅಂದರೆ ಫ್ರಿಡ್ಜ್ ಒಂದು ಪಂಪು. ತೋಟದ ಪಂಪು ನೀರನ್ನು ಕೆಳಗಿನಿಂದ ಮೇಲಕ್ಕೆ ಎತ್ತಿದ ಹಾಗೆ ಇದು ಬಿಸಿಯನ್ನು ತಣ್ಣಗಿನ ಜಾಗದಿಂದ ಬಿಸಿ ಜಾಗಕ್ಕೆ ಎತ್ತಿ ಹಾಕುತ್ತದೆ. ಬಿಸಿ ತಾನಾಗಿ ಹಾಗೆ ಹೋಗುವುದಿಲ್ಲ, ಅದಕ್ಕೇ ಕರೆಂಟು ಬೇಕು.

ಎಲ್ಲಿ ಇಡಬೇಕು?

ಬಿಸಿ ಹೊರಗೆ ಹೋಗಬೇಕಾದರೆ ಅದಕ್ಕೆ ದಾರಿ ಬೇಕು. ಇಷ್ಟು ನೆನಪಿದ್ದರೆ ಫ್ರಿಡ್ಜ್ ಇಡುವ ಜಾಗದ ಬಗ್ಗೆ ಯಾರನ್ನೂ ಕೇಳಬೇಕೆಂದಿಲ್ಲ.

ಜಾಗ ಉಳಿಯಲಿ ಅಂತ ಗೋಡೆಗೆ ಒತ್ತಿ ಇಡುತ್ತಾರೆ. ಎರಡು ಬದಿಗೂ ಕಪಾಟು ತಾಗಿಸುತ್ತಾರೆ. ಚಂದಕ್ಕೆ ದಪ್ಪ ಬಟ್ಟೆ ಹೊದೆಸುತ್ತಾರೆ. ಸಾಗಿಸಿದ ಬಿಸಿ ಅಲ್ಲೇ ಸುತ್ತುತ್ತದೆ, ಕಂಪ್ರೆಸರ್ ಹೆಚ್ಚು ಹೊತ್ತು ದುಡಿಯುತ್ತದೆ. ಹಿಂದೆ ಮತ್ತು ಬದಿಗಳಲ್ಲಿ ಕನಿಷ್ಠ ನಾಲ್ಕು ಬೆರಳಿನಷ್ಟು ಜಾಗ ಬಿಡಿ. ಪುಸ್ತಕದಲ್ಲಿ ಇನ್ನೂ ಹೆಚ್ಚು ಬಿಡಲು ಹೇಳಿದ್ದರೆ ಅಷ್ಟು ಬಿಡಿ. ಒಲೆಯ ಪಕ್ಕ ಮತ್ತು ಬಿಸಿಲು ಬೀಳುವ ಕಿಟಕಿಯ ಎದುರು ಬೇಡ.

"ಹೊಸ ಫ್ರಿಡ್ಜಿನ ಬದಿ ಬಿಸಿಯಾಗ್ತದೆ, ಏನೋ ಹಾಳಾಗಿದೆ" ಅಂತ ಹೆದರುವವರಿದ್ದಾರೆ. ಹಳೆಯ ಫ್ರಿಡ್ಜುಗಳ ಹಿಂದೆ ಕಪ್ಪು ಕೊಳವೆಗಳ ಜಾಲರಿ ಕಾಣುತ್ತಿತ್ತು. ಈಗ ಹಲವು ಮಾದರಿಗಳಲ್ಲಿ ಆ ಕೊಳವೆ ಬದಿಯ ತಗಡಿನ ಒಳಗೇ ಅಡಗಿದೆ. ಬದಿ ಬೆಚ್ಚಗಾಗುವುದು ಅದು ಕೆಲಸ ಮಾಡುತ್ತಿದೆ ಎಂಬುದಕ್ಕೆ ಗುರುತು.

ವಾಹನದಲ್ಲಿ ಮಲಗಿಸಿ ತಂದ ಫ್ರಿಡ್ಜನ್ನು ತಂದ ಕೂಡಲೇ ಚಾಲೂ ಮಾಡಬಾರದು. ಮಲಗಿಸಿದಾಗ ಕಂಪ್ರೆಸರಿನ ಎಣ್ಣೆ ಕೊಳವೆಗೆ ಹರಿದಿರಬಹುದು. ಕೆಲವು ಗಂಟೆ ನೇರ ನಿಲ್ಲಿಸಿದರೆ ಅದು ಕೆಳಗೆ ಇಳಿಯುತ್ತದೆ. ಮುಂದಿನ ಕಾಲುಗಳನ್ನು ತಿರುಗಿಸಿ ಮುಂಭಾಗವನ್ನು ಕೂದಲಷ್ಟು ಎತ್ತರಿಸಿದರೆ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಪ್ಲಗ್ಗಿನ ಮೂರನೆಯ ಕಡ್ಡಿ ಅರ್ತಿಂಗ್‌ಗೆ. ಸ್ಟೆಬಿಲೈಸರ್ ಇದೆ ಎಂದು ಅರ್ತಿಂಗ್ ಬೇಡ ಎನ್ನುವುದು ತಪ್ಪು. ಒಂದು ವೋಲ್ಟೇಜ್ ನೋಡಿಕೊಳ್ಳುತ್ತದೆ, ಇನ್ನೊಂದು ನಿಮ್ಮ ಜೀವ ಕಾಯುತ್ತದೆ.

ನಾನು ಮಾಡಿದ ತಪ್ಪು

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಮನೆಗೆ ಒಂದು ಬಾಗಿಲಿನ ಫ್ರಿಡ್ಜ್ ಬಂತು. ಮಳೆಗಾಲದಲ್ಲಿ ಅದರ ಫ್ರೀಜರಿನಲ್ಲಿ ಬೆರಳು ದಪ್ಪದ ಮಂಜು ಕಟ್ಟಿತು. "ಐಸ್ ಕಟ್ಟಿದಷ್ಟೂ ತಂಪು ಜಾಸ್ತಿ, ಇರ್ಲಿ" ಎಂದರು ಮನೆಯಲ್ಲಿ. ನನಗೂ ಹಾಗೇ ಅನಿಸಿತ್ತು, ವಿಜ್ಞಾನದ ಟೀಚರ್ ಆಗಿಯೂ! ಕೊನೆಗೆ ಐಸಿನ ತಟ್ಟೆಯೇ ಹೊರಗೆ ಬಾರದಾಯಿತು. ನಾನು ಅಡುಗೆಮನೆಯ ಚೂರಿ ತೆಗೆದುಕೊಂಡು ಮಂಜನ್ನು ಕೆತ್ತತೊಡಗಿದೆ. 'ಸುಸ್ಸ್' ಎಂದು ಸದ್ದು ಬಂತು. ಸ್ವಲ್ಪ ಹೊತ್ತಿಗೆ ನಿಂತಿತು. ಮರುದಿನ ಒಳಗೆಲ್ಲ ಬೆಚ್ಚಗೆ, ಹಾಲು ಒಡೆದಿತ್ತು.

ರಿಪೇರಿಯವರು ನೋಡಿ, "ಗ್ಯಾಸ್ ಹೋಗಿದೆ ಟೀಚರ್, ನೀವೇ ತೂತು ಮಾಡಿದ್ದು" ಎಂದರು. ನಾನು ಚೂರಿ ಹಾಕಿದ ಆ ತೆಳ್ಳನೆಯ ಅಲ್ಯೂಮಿನಿಯಂ ಗೋಡೆಯೇ ದ್ರವ ಕುದಿಯುವ ಕೊಳವೆಯಿದ್ದ ಜಾಗ. ಸರಿಮಾಡಿಸಲಿಕ್ಕೆ ಆಗಿನ ನನ್ನ ಸಂಬಳದ ದೊಡ್ಡ ಪಾಲು ಹೋಯಿತು.

ಆ ದಿನ ಕಲಿತದ್ದು ಮೂರು. ಒಂದು, ಮಂಜು ತಂಪಿನ ಗುರುತಲ್ಲ. ಒಳಗಿನ ಬಿಸಿ ಲೋಹಕ್ಕೆ ತಲಪದಂತೆ ತಡೆಯುವ ಕಂಬಳಿ ಅದು. ಅರ್ಧ ಸೆಂಟಿಮೀಟರ್ ದಪ್ಪವಾಗುವ ಮೊದಲೇ ಡಿಫ್ರಾಸ್ಟ್ ಬಟನ್ ಒತ್ತಿ ಕರಗಲು ಬಿಡಬೇಕು. ಫ್ರಾಸ್ಟ್ ಫ್ರೀ ಎಂಬ ಬಗೆಯಲ್ಲಿ ಯಂತ್ರವೇ ಇದನ್ನು ಮಾಡಿಕೊಳ್ಳುತ್ತದೆ.

ಎರಡು, ಫ್ರಿಡ್ಜಿನ ಗ್ಯಾಸ್ ಅಡುಗೆ ಗ್ಯಾಸಿನಂತೆ ಉರಿದು ಮುಗಿಯುವುದಿಲ್ಲ. ಅದು ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಾ ಇರುತ್ತದೆ. "ಎರಡು ವರ್ಷಕ್ಕೊಮ್ಮೆ ಗ್ಯಾಸ್ ತುಂಬಿಸ್ಬೇಕು" ಎಂದು ಯಾರಾದರೂ ಹೇಳಿದರೆ, "ಸೋರುವುದು ಎಲ್ಲಿ ಅಂತ ತೋರಿಸಿ" ಎಂದು ಮರ್ಯಾದೆಯಿಂದಲೇ ಕೇಳಿ. ತೂತು ಮುಚ್ಚದೆ ಗ್ಯಾಸ್ ತುಂಬಿದರೆ ಒಡೆದ ಕೊಡಕ್ಕೆ ನೀರು ತುಂಬಿದ ಹಾಗೆ.

ಮೂರನೆಯದು ಅಪಾಯದ ಮಾತು. ನನ್ನ ಹಳೆಯ ಫ್ರಿಡ್ಜಿನ ಅನಿಲ ಉರಿಯುವ ಜಾತಿಯದ್ದಲ್ಲ. ಈಗಿನ ಐಸೊಬ್ಯೂಟೇನ್ ಅಡುಗೆ ಅನಿಲದ ಹತ್ತಿರದ ಸಂಬಂಧಿ. ಇರುವುದು ಕೆಲವು ಹತ್ತು ಗ್ರಾಂ ಮಾತ್ರ, ಕೊಳವೆಯೊಳಗೆ ಇರುವಷ್ಟು ಕಾಲ ಭಯವಿಲ್ಲ. ಆದರೆ ಚೂರಿ, ಸ್ಕ್ರೂಡ್ರೈವರ್ ಹಾಕಿ ತೂತು ಮಾಡಿದರೆ ಪಕ್ಕದಲ್ಲಿ ಒಲೆ ಉರಿಯುತ್ತಿದ್ದರೆ ಬೆಂಕಿ ಹೊತ್ತಿಕೊಳ್ಳಬಹುದು. ಅಂಥ ಸದ್ದು ಕೇಳಿದರೆ ಸ್ವಿಚ್ ಮುಟ್ಟಬೇಡಿ, ಕಿಟಕಿ ಬಾಗಿಲು ತೆರೆಯಿರಿ, ದೊಡ್ಡವರನ್ನು ಕರೆಯಿರಿ.

ಪ್ರತಿವರ್ಷ ಸೆಪ್ಟೆಂಬರ್ 16ಕ್ಕೆ ಶಾಲೆಗಳಲ್ಲಿ ಓಝೋನ್ ದಿನ ಮಾಡುತ್ತೇವೆ, ಪೋಸ್ಟರ್ ಬರೆಯುತ್ತೇವೆ. 1987ರ ಆ ದಿನ ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿತ್ತು. ಅದರಿಂದ ಹಿಂದೆ ಸರಿದದ್ದು ಮುಖ್ಯವಾಗಿ ಹಳೆಯ ಫ್ರಿಡ್ಜುಗಳಲ್ಲಿದ್ದ ಸಿ.ಎಫ್.ಸಿ. ಅನಿಲಗಳು. ಅವು ಓಝೋನ್ ಪದರವನ್ನು ಹಾಳುಮಾಡುತ್ತವೆ ಎಂದು 1974ರಲ್ಲಿ ತೋರಿಸಿಕೊಟ್ಟವರು ಮೊಲಿನಾ ಮತ್ತು ರೋಲ್ಯಾಂಡ್. ಪೋಸ್ಟರ್ ಬರೆಯುವ ನಾವು ನಮ್ಮದೇ ಫ್ರಿಡ್ಜಿನ ಹಿಂದಿನ ಚೀಟಿಯನ್ನು ಓದಿದ್ದೇವಾ? ಆರ್ 600ಎ ಎಂದಿದ್ದರೆ ಐಸೊಬ್ಯೂಟೇನ್. ಆರ್ 134ಎ ಎಂದಿದ್ದರೆ ಅದು ಓಝೋನಿಗೆ ತೊಂದರೆ ಮಾಡುವುದಿಲ್ಲ, ಆದರೆ ಭೂಮಿಯ ಬಿಸಿ ಏರಿಸುವುದರಲ್ಲಿ ಜೋರು. ಈ ವರ್ಷದ ಪೋಸ್ಟರಿಗೆ ಮೊದಲು ಆ ಚೀಟಿ ಓದಿಕೊಂಡು ಬನ್ನಿ ಎಂಬುದು ನನ್ನ ಕೋರಿಕೆ.

ಬಿಸಿ ಸಾಂಬಾರಿನ ಲೆಕ್ಕ

"ಬಿಸಿ ಪದಾರ್ಥ ಫ್ರಿಡ್ಜಿನಲ್ಲಿಟ್ರೆ ಫ್ರಿಡ್ಜ್ ಹಾಳಾಗ್ತದೆ." ಇದು ಎಲ್ಲ ಮನೆಗಳಲ್ಲೂ ಕೇಳುವ ಮಾತು. ಇದರ ಅರ್ಧ ಸರಿ. ಲೆಕ್ಕ ಹಾಕಿ ನೋಡುವಾ.

ಎರಡು ಲೀಟರ್ ಸಾಂಬಾರನ್ನು ನೀರು ಎಂದೇ ಇಟ್ಟುಕೊಳ್ಳಿ. 85 ಡಿಗ್ರಿಯಿಂದ 5 ಡಿಗ್ರಿಗೆ ಇಳಿಸಲು ತೆಗೆಯಬೇಕಾದ ಬಿಸಿ 2 × 4.2 × 80, ಅಂದರೆ 672 ಕಿಲೋಜೂಲ್. ಅದನ್ನೇ ಹೊರಗೆ 35 ಡಿಗ್ರಿಗೆ ಆರಿಸಿ ಇಟ್ಟರೆ 252 ಮಾತ್ರ. ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಗಾಳಿ ಬಿಟ್ಟಿಯಾಗಿ ಮಾಡಿಕೊಟ್ಟಿತು. ಆದರೆ ಒಂದು ಯೂನಿಟ್ ಕರೆಂಟ್ ಅಂದರೆ 3600 ಕಿಲೋಜೂಲ್. 672 ಅದರ ಐದನೇ ಒಂದು ಪಾಲೂ ಅಲ್ಲ. ಫ್ರಿಡ್ಜ್ ಸಾಮಾನ್ಯವಾಗಿ ಬಳಸುವ ಕರೆಂಟಿಗಿಂತ ಹೆಚ್ಚು ಬಿಸಿಯನ್ನು ಸಾಗಿಸುವುದರಿಂದ ಖರ್ಚು ಇನ್ನೂ ಕಡಿಮೆ. ಒಂದು ಪಾತ್ರೆಗೆ ಫ್ರಿಡ್ಜ್ ಹಾಳಾಗಲಿಕ್ಕಿಲ್ಲ. ನಿಜವಾದ ತೊಂದರೆ ಪಕ್ಕದಲ್ಲಿರುವ ಹಾಲು, ಮೀನುಗಳಿಗೆ ಆ ಬಿಸಿ ತಾಗುವುದು.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದು ಉಂಟು. ಫ್ರಿಡ್ಜ್ ಹಾಳಾದೀತೆಂದು ಮಧ್ಯಾಹ್ನದ ಪದಾರ್ಥವನ್ನು ರಾತ್ರಿಯವರೆಗೆ ಹೊರಗೇ ಬಿಡುವುದು. 5ರಿಂದ 60 ಡಿಗ್ರಿಯ ನಡುವೆ ರೋಗಾಣುಗಳು ವೇಗವಾಗಿ ಹೆಚ್ಚುತ್ತವೆ. ಯಂತ್ರವನ್ನು ಉಳಿಸಲು ಹೋಗಿ ಹೊಟ್ಟೆ ಕೆಡಿಸಿಕೊಂಡ ಹಾಗಾಯಿತು. ಪದಾರ್ಥವನ್ನು ಅಗಲವಾದ ಸಣ್ಣ ಪಾತ್ರೆಗಳಿಗೆ ಹಂಚಿ, ಆ ಪಾತ್ರೆಗಳನ್ನು ತಣ್ಣೀರಿನ ಬೋಗುಣಿಯಲ್ಲಿಡಿ. ಆವಿ ಹೋದ ಮೇಲೆ ಮುಚ್ಚಿ ಒಳಗಿಡಿ. ಎರಡು ಗಂಟೆ ದಾಟಬಾರದು, ಕಡು ಸೆಕೆಗೆ ಒಂದೇ ಗಂಟೆ.

ಜೀವಾಣು ಸಾಯುವುದಿಲ್ಲ

"ಫ್ರಿಡ್ಜಿನಲ್ಲಿ ಇಟ್ಟಿದೆ, ಏನೂ ಆಗುವುದಿಲ್ಲ." ಈ ನಂಬಿಕೆ ತಪ್ಪೆಂದು ತೋರಿಸಲು ಪ್ರಯೋಗಶಾಲೆ ಬೇಡ, ದೋಸೆ ಹಿಟ್ಟು ಸಾಕು. ಫ್ರಿಡ್ಜಿನಲ್ಲಿಟ್ಟ ಹಿಟ್ಟು ನಾಲ್ಕನೇ ದಿನಕ್ಕೆ ಮೊದಲ ದಿನಕ್ಕಿಂತ ಹುಳಿ ಅಲ್ವಾ? ಒಳಗಿನ ಜೀವಾಣುಗಳು ಸತ್ತಿದ್ದರೆ ಹುಳಿ ಏರುತ್ತಿರಲಿಲ್ಲ. ಅವು ನಿಧಾನವಾಗಿವೆ, ಅಷ್ಟೆ. ಹಿಟ್ಟಿನ ಜೀವಾಣು ನಮ್ಮ ಸ್ನೇಹಿತ. ಹಳೆಯ ಮೀನುಸಾರಿನಲ್ಲಿರುವುದು ಸ್ನೇಹಿತನೇ ಆಗಿರಬೇಕೆಂದಿಲ್ಲ. ಮೂಸಿ ನೋಡಿದರೂ ಗೊತ್ತಾಗುವುದಿಲ್ಲ, ಏಕೆಂದರೆ ಕಾಯಿಲೆ ತರುವ ಹಲವು ಜೀವಾಣುಗಳಿಗೆ ವಾಸನೆಯೇ ಇಲ್ಲ. ಫ್ರೀಜರಿನ −18 ಡಿಗ್ರಿಯಲ್ಲಿಯೂ ಹೆಚ್ಚಿನವು ಸಾಯದೆ ನಿದ್ದೆ ಮಾಡುತ್ತವೆ. ಕರಗಿದ ಕೂಡಲೇ ಎಚ್ಚರ.

ಆದ್ದರಿಂದ ಹಸಿ ಮೀನು, ಮಾಂಸ ಕೆಳಗಿನ ತಟ್ಟೆಯಲ್ಲಿ ಮುಚ್ಚಿದ ಡಬ್ಬಿಯಲ್ಲಿರಲಿ. ಬೇಯಿಸಿದ್ದು ಮೇಲಿರಲಿ. ಮೇಲಿನಿಂದ ಹನಿ ಕೆಳಗೆ ಬೀಳುತ್ತದೆಯೇ ಹೊರತು ಕೆಳಗಿನಿಂದ ಮೇಲಕ್ಕಲ್ಲ.

ಕೆಲವರು ಉಳಿತಾಯಕ್ಕೆಂದು ರಾತ್ರಿ ಫ್ರಿಡ್ಜ್ ಆಫ್ ಮಾಡುತ್ತಾರೆ. ರಾತ್ರಿಯಿಡೀ ಗೋಡೆಯ ಮೂಲಕ ಒಳನುಸುಳಿದ ಬಿಸಿಯನ್ನು ಬೆಳಿಗ್ಗೆ ಹೊರಹಾಕಲೇಬೇಕು. ಉಳಿಯುವುದು ಅತ್ಯಲ್ಪ. ಒಳಗಿನ ಆಹಾರ ಮಾತ್ರ ದಿನಾ ಕೆಲವು ಗಂಟೆ ಬೆಚ್ಚಗಾಗುತ್ತದೆ.

ಆಷಾಢದ ಗಾಳಿಗೆ ತೆಂಗಿನ ಮಡಲು ಲೈನಿನ ಮೇಲೆ ಬಿದ್ದು ಕರೆಂಟ್ ಹೋಗುವುದು ನಮಗೆ ಹೊಸತಲ್ಲ. ಬಾಗಿಲು ತೆರೆಯದಿದ್ದರೆ ಒಳಗಿನ ಆಹಾರ ಸುಮಾರು 4 ಗಂಟೆ ತಡೆಯುತ್ತದೆ. ಮನೆಯಲ್ಲಿಲ್ಲದಾಗ ಎಷ್ಟು ಹೊತ್ತು ಹೋಗಿತ್ತೆಂದು ತಿಳಿಯಲು ಒಂದು ಉಪಾಯ ಉಂಟು. ಸಣ್ಣ ಸ್ಟೀಲ್ ಲೋಟದಲ್ಲಿ ನೀರನ್ನು ಫ್ರೀಜರಿನಲ್ಲಿ ಗಟ್ಟಿ ಮಾಡಿ, ಮೇಲೆ ಒಂದು ರೂಪಾಯಿಯ ನಾಣ್ಯ ಇಡಿ. ವಾಪಸು ಬಂದಾಗ ನಾಣ್ಯ ತಳದಲ್ಲಿದ್ದರೆ ಐಸ್ ಪೂರ್ತಿ ಕರಗಿ ಪುನಃ ಗಟ್ಟಿಯಾಗಿದೆ ಎಂದರ್ಥ. ಫ್ರೀಜರಿನ ಮೀನನ್ನು ಆಗ ನಂಬಬೇಡಿ. ಕರೆಂಟ್ ಬಂದ ಕೂಡಲೇ ಫ್ರಿಡ್ಜ್ ಹಾಕುವುದೂ ಬೇಡ. ಕೊಳವೆಯ ಒತ್ತಡ ಸಮವಾಗಲು ಐದು ನಿಮಿಷ ಬಿಡಿ.

ಊರಿನ ಹವೆಯೂ ಲೆಕ್ಕಕ್ಕುಂಟು

ಈ ಪತ್ರಿಕೆಯನ್ನು ಕಾಸರಗೋಡಿನವರೂ ಓದುತ್ತೀರಿ, ಅಕ್ಕಲಕೋಟೆ, ಆದೋನಿಯವರೂ ಓದುತ್ತೀರಿ. ನಮ್ಮ ಕರಾವಳಿಯಲ್ಲಿ ಗಾಳಿ ಹಸಿ. 180 ಲೀಟರಿನ ಖಾಲಿ ಫ್ರಿಡ್ಜಿನ ಗಾಳಿ ಪೂರ್ತಿ ಬದಲಾದರೆ, ಆ ಗಾಳಿಯನ್ನು 30ರಿಂದ 5 ಡಿಗ್ರಿಗೆ ಇಳಿಸಲು ಸುಮಾರು 5 ಕಿಲೋಜೂಲ್ ಸಾಕು. ಅದರಲ್ಲಿರುವ ನೀರಾವಿ ಹನಿಗಟ್ಟುವಾಗ ಬಿಡುವ ಬಿಸಿ ಮಳೆಗಾಲದಲ್ಲಿ ಅದಕ್ಕಿಂತಲೂ ಹೆಚ್ಚು. ಆ ನೀರೇ ಮಂಜಾಗಿ ಕಟ್ಟುವುದು. ಹಾಗಾಗಿ ನಮಗೆ ಬಾಗಿಲು ತೆರೆಯುವುದರಲ್ಲಿ ಎಚ್ಚರ ಬೇಕು. ಬಯಲುಸೀಮೆಯ ನಿಮಗೆ ಬೇಸಿಗೆಯ ಗಾಳಿ ಒಣ, ಮಂಜು ಕಡಿಮೆ, ಮಣ್ಣಿನ ಹೂಜಿಯೂ ನಮ್ಮಲ್ಲಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ 40 ಡಿಗ್ರಿಯ ಬಿಸಿಲಿನಲ್ಲಿ ಫ್ರಿಡ್ಜ್ ಬಿಸಿಯನ್ನು ಹೊರಗೆ ಬಿಡಲು ಒದ್ದಾಡುತ್ತದೆ. ನಿಮಗೆ ಗೋಡೆಯ ಅಂತರವೇ ಮುಖ್ಯ. ಒಬ್ಬರ ಊರಿನ ಸಲಹೆ ಇನ್ನೊಬ್ಬರ ಊರಿಗೆ ಹಾಗೇ ಹೊಂದುವುದಿಲ್ಲ.

ಹಾಗಾಗಿ ನನ್ನ ಮಾತನ್ನೂ ಸುಮ್ಮನೆ ನಂಬಬೇಡಿ, ಅಳೆದು ನೋಡಿ. ಶಾಲೆಯಿಂದ ಕೆಂಪು ದ್ರವದ ಥರ್ಮಾಮೀಟರ್ ಕೇಳಿ ತನ್ನಿ. ಪಾದರಸದ್ದು ಬೇಡ, ಒಡೆದರೆ ವಿಷ. ಒಂದು ಲೋಟ ನೀರಿನಲ್ಲಿ ಅದನ್ನು ಅದ್ದಿ ನಡುವಿನ ತಟ್ಟೆಯಲ್ಲಿ ರಾತ್ರಿಯಿಡೀ ಇಡಿ. ಬೆಳಿಗ್ಗೆ 5 ಡಿಗ್ರಿ ಅಥವಾ ಅದಕ್ಕಿಂತ ಸ್ವಲ್ಪ ಕಡಿಮೆ ಇದ್ದರೆ ಸರಿ. ಒಳಗಿನ ಗುಂಡಿಯ 1, 2, 3 ಅಂಕೆಗಳು ಡಿಗ್ರಿಗಳಲ್ಲ. ಅಂಕೆ ಹೆಚ್ಚಿದಷ್ಟೂ ಹೆಚ್ಚು ತಣ್ಣಗಾದ ಮೇಲೆ ಕಂಪ್ರೆಸರ್ ನಿಲ್ಲಬೇಕೆಂಬ ಸೂಚನೆ ಮಾತ್ರ. ಇನ್ನು, ಬಾಗಿಲಿನ ಅಂಚಿಗೆ ಕಾಗದದ ಚೂರು ಸಿಕ್ಕಿಸಿ ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿನ ರಬ್ಬರ್ ಪಟ್ಟಿ ಸಡಿಲ. ಸಾಬೂನು ನೀರಿನಲ್ಲಿ ಒರೆಸಿ, ಆಗದಿದ್ದರೆ ಬದಲಿಸಲು ಹೇಳಿ.

ಕೊನೆಗೆ ಒಂದು ಮಾತು. ಇದನ್ನೆಲ್ಲ ಓದಿ ಅಜ್ಜಿಯನ್ನು ಗೇಲಿ ಮಾಡಲು ಹೋಗಬೇಡಿ. ಅವರ "ಬಿಸಿ ಇಡ್ಬೇಡ ಮಗಾ" ಎಂಬ ಮಾತಿನಲ್ಲಿ ಅರ್ಧ ಸತ್ಯ ಇತ್ತು ಎಂದು ನೋಡಿದೆವಲ್ಲ. ಚೂರಿ ಹಾಕಿ ಮಂಜು ಕೆತ್ತಿದ್ದು ಅಜ್ಜಿಯಲ್ಲ, ಟೀಚರ್! ಥರ್ಮಾಮೀಟರನ್ನು ಅಜ್ಜಿಯ ಕೈಗೆ ಕೊಟ್ಟು, ಅಂಕೆ ಓದಿ ಹೇಳಿ, ಫ್ರಿಡ್ಜಿನ ಬೆಚ್ಚಗಿನ ಬದಿಯನ್ನು ಮುಟ್ಟಿಸಿ ತೋರಿಸಿ: "ಅಜ್ಜೀ, ಇದು ತಂಪು ಮಾಡುವುದಲ್ಲ, ಒಳಗಿನ ಬಿಸಿಯನ್ನು ಇಲ್ಲಿಗೆ ತಂದು ಹಾಕುವುದು." ಅವರು ಮತ್ತೊಂದು ಪ್ರಶ್ನೆ ಕೇಳಿದರೆ, ಅದನ್ನು ಬರೆದುಕೊಂಡು ತರಗತಿಗೆ ಬನ್ನಿ.